ಅಳಿವೆಯ ಹೂಳೆತ್ತುವಿಕೆ ಮತ್ತು ಗಜನಿ ಗದ್ದೆಗಳ ರಕ್ಷಣೆ

ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲೂಕಿನಲ್ಲಿ ಅಘನಾಶಿನಿ, ಭಟ್ಕಳದಲ್ಲಿ ಶರಾಬಿ ಹೊಳೆ ಕಡಲನ್ನು ಸೇರುತ್ತವೆ. ಮಳೆಗಾಲದ ನೆರೆ ತಂದ ಮಣ್ಣು ಮತ್ತು ಅಲೆಗಳು ತಳ್ಳಿದ ಮರಳು ಅಳಿವೆಗಳಲ್ಲಿ ತಂಗಿ ದಿಬ್ಬವಾಗುತ್ತವೆ. ದೋಣಿಗಳ ಸಂಚಾರಕ್ಕೆ ಈ ಹೂಳನ್ನು ತೆಗೆಯಬೇಕಾಗುತ್ತದೆ. ಆದರೆ ತೆಗೆದ ಹೂಳು ಎಲ್ಲಿ ಬೀಳುತ್ತದೆ ಎಂಬುದನ್ನು ದಂಡೆಯ ರೈತರು ಅವಶ್ಯವಾಗಿ ಗಮನಿಸಬೇಕು.

ಯಂತ್ರಗಳು ಕೆಲಸ ಮಾಡುವ ಬಗೆ

ಗ್ರ್ಯಾಬ್ ಯಂತ್ರ: ಕ್ರೇನಿಗೆ ತೂಗುಹಾಕಿದ ಎರಡು ದವಡೆಗಳ ಬಕೆಟ್ಟು ತಳಕ್ಕಿಳಿದು ಹೂಳನ್ನು ಕಚ್ಚಿ ಮೇಲೆತ್ತುತ್ತದೆ. ಇದರಲ್ಲಿ ನೀರು ಕಡಿಮೆ ಬರುತ್ತದೆ; ಕೆಲಸ ನಿಧಾನ.

ಹೀರು ಯಂತ್ರ: ತೇಲುವ ತೆಪ್ಪದಿಂದ ಇಳಿಬಿಟ್ಟ ಕೊಳವೆಯ ತುದಿಯಲ್ಲಿ ತಿರುಗುವ ಹಲ್ಲುಗಳು ಗಟ್ಟಿ ಹೂಳನ್ನು ಸಡಿಲಿಸುತ್ತವೆ. ಸೆಂಟ್ರಿಫ್ಯೂಗಲ್ ಪಂಪು ಅದನ್ನು ನೀರಿನೊಡನೆ ಹೀರಿ, ತೇಲುವ ಕೊಳವೆಗಳ ಮೂಲಕ ದಡಕ್ಕೆ ತಳ್ಳುತ್ತದೆ. ಇದು ತೋಟದ ಪಂಪಿನ ಜಾತಿಯದೇ. ಮರಳು ಸಾಗಲು ಅಗಲವಾದ ಹಾದಿ ಮತ್ತು ಬೇಗ ಸವೆಯದ ಚಕ್ರ ಮಾತ್ರ ಬೇರೆ.

ಗಜನಿಗೆ ಅಪಾಯವೇನು?

ಪಂಪು ಹೊರಹಾಕುವ 100 ಲೀಟರಿನಲ್ಲಿ ಸಾಮಾನ್ಯವಾಗಿ 10ರಿಂದ 20 ಲೀಟರು ಮಾತ್ರ ಹೂಳು, ಉಳಿದುದು ನೀರು. ಬೇಸಿಗೆಯಲ್ಲಿ ಅಳಿವೆಯ ನೀರು ಕಡಲಿನಷ್ಟೇ ಉಪ್ಪಾಗಿದ್ದರೆ, ಲೀಟರಿಗೆ ಸುಮಾರು 35 ಗ್ರಾಂನಂತೆ 80 ಲೀಟರಿನಲ್ಲಿ 2.8 ಕೆ.ಜಿ. ಉಪ್ಪು ಇರುತ್ತದೆ. ಮರಳು ಬೇಗ ತಂಗುತ್ತದೆ; ನುಣ್ಣನೆ ಜೇಡಿ ದಿನಗಟ್ಟಲೆ ತೇಲುತ್ತದೆ. ಹರಿದುಬಂದ ಈ ಕೆಸರು ಜಂತ್ರಡಿ ತೂಬನ್ನು ಮುಚ್ಚಿದರೆ ಮಳೆನೀರು ಹೊರಹೋಗದೆ ಗದ್ದೆಯ ಉಪ್ಪು ತೊಳೆಯುವುದಿಲ್ಲ. ಕಗ್ಗ ಭತ್ತವು ಉಪ್ಪನ್ನು ತಾಳಿಕೊಳ್ಳುವ ತಳಿಯಾದರೂ, ಮೊದಲ ಮಳೆಗೆ ಉಪ್ಪು ತೊಳೆದ ಗದ್ದೆಯಲ್ಲೇ ಅದು ಚೆನ್ನಾಗಿ ಮೊಳೆಯುತ್ತದೆ. ಅಘನಾಶಿನಿಯ ಬಳಚು ಹಾಸುಗಳ ಮೇಲೆ ಕೆಸರು ಕುಳಿತರೂ ನಷ್ಟವೇ.

ರೈತರು ಗಮನಿಸಬೇಕಾದ ಅಂಶಗಳು

1. ಕೆಲಸಕ್ಕೆ ಮೊದಲೇ ಕೊಳವೆಯ ಬಾಯಿ ಎಲ್ಲಿ, ತಂಗುಕೊಳ ಎಲ್ಲಿ ಎಂದು ಗ್ರಾಮ ಪಂಚಾಯತಿಯ ಮೂಲಕ ಕೇಳಿರಿ. ಕರಾವಳಿ ನಿಯಂತ್ರಣ ವಲಯದ ಅನುಮತಿ ಇದೆಯೇ ತಿಳಿಯಿರಿ.

2. ತಂಗುಕೊಳದ ನೀರು ತಿಳಿಯಾದ ಮೇಲೆ ಹೊಳೆಗೇ ಮರಳಲಿ. ಗದ್ದೆಯ ಕಾಲುವೆಗೆ ಬೇಡ.

3. ಗಜನಿ ಕಟ್ಟೆಯ ಬುಡದಲ್ಲಿ ಆಳವಾಗಿ ತೋಡಲು ಬಿಡಬೇಡಿ, ಕಟ್ಟೆ ಕುಸಿಯುತ್ತದೆ.

4. ಹೂಳನ್ನು ಗೊಬ್ಬರವೆಂದು ತೋಟಕ್ಕೆ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿರಿ. ಕಾಂಡ್ಲಾ ಗಿಡಗಳ ಬುಡದ ಕಪ್ಪು ಕೆಸರು ಗಾಳಿಗೆ ಒಣಗಿದಾಗ ತೀವ್ರ ಹುಳಿಯಾಗಬಹುದು.

ಹೂಳು ತೆಗೆದರೆ ದೋಣಿಗೆ ದಾರಿಯಾಗುತ್ತದೆ. ಅದನ್ನು ತಕ್ಕ ಸ್ಥಳದಲ್ಲಿ ಹಾಕಿದರೆ ಮಾತ್ರ ಗದ್ದೆಗೂ ಕ್ಷೇಮ.