ಇಲಿಯ ಮೂಗು ಮತ್ತು ನಮ್ಮ ಪಾಷಾಣ



ಹೊಸದುರ್ಗ, ಹೊಳಲ್ಕೆರೆ ಕಡೆಯ ಸದಸ್ಯರದು ಒಂದೇ ದೂರು: “ಮೊದಲ ರಾತ್ರಿ ಪಾಷಾಣಕ್ಕೆ ನಾಲ್ಕು ಇಲಿ ಸತ್ತವು, ಆಮೇಲೆ ಒಂದೂ ಮುಟ್ಟಲಿಲ್ಲ. ಒಂದಕ್ಕೊಂದು ಹೇಳಿಕೊಂಡುಬಿಡುತ್ತವೆ ಸ್ವಾಮಿ!” ನನ್ನ ತೋಟದಲ್ಲೂ ಹೀಗೆಯೇ ಆಗಿ, ಎಳೆ ತೆಂಗಿನಕಾಯಿ ಕಳೆದುಕೊಂಡಿದ್ದೇನೆ. ಆದರೆ ಈ ಮಾತು ಅರ್ಧ ಮಾತ್ರ ನಿಜ.

ಇಲಿಯ ಮೂಗಿನ ಒಳಪೊರೆಯಲ್ಲಿ ಲಕ್ಷಗಟ್ಟಲೆ ನರಕೋಶಗಳಿವೆ. ಅವುಗಳ ತುದಿಯ ನವುರಾದ ಎಳೆಗಳ ಮೇಲೆ ವಾಸನೆಯ ಅಣುವನ್ನು ಹಿಡಿಯುವ ಪ್ರೋಟೀನುಗಳಿರುತ್ತವೆ. ಇವೇ ಗ್ರಾಹಕಗಳು. ಸಾಮಾನ್ಯವಾಗಿ ಒಂದು ಕೋಶಕ್ಕೆ ಒಂದೇ ಬಗೆಯ ಗ್ರಾಹಕ. ಇವನ್ನು ತಯಾರಿಸುವ ಜೀನುಗಳು ಸುಂಡಿಲಿಯಲ್ಲಿ ಸುಮಾರು 1000, ನಮ್ಮಲ್ಲಿ ಸುಮಾರು 400. ಅಣು ಬಂದು ಕೂತೊಡನೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕ ಹೆಚ್ಚುತ್ತದೆ, ಕೋಶದ ಬಾಗಿಲುಗಳು ತೆರೆಯುತ್ತವೆ, ವಿದ್ಯುತ್ ಸಂಕೇತ ಮಿದುಳಿಗೆ ಹೊರಡುತ್ತದೆ. ಈ ಜೀನುಗಳನ್ನು 1991ರಲ್ಲಿ ಬೆಳಕಿಗೆ ತಂದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು 2006ರಲ್ಲಿ ತೋರಿಸಿದ್ದು ಇನ್ನೂ ಸೋಜಿಗ: ಎರಡು ಹೊಳ್ಳೆಗಳಿಗೆ ತಲುಪುವ ವಾಸನೆಯ ವ್ಯತ್ಯಾಸದಿಂದ ಇಲಿ ಒಂದೇ ಉಸಿರಿನಲ್ಲಿ ದಿಕ್ಕನ್ನು ಗುರುತಿಸುತ್ತದೆ.

ಈಗ ನಮ್ಮ ದೂರಿಗೆ ಬರೋಣ. ಇಲಿಯ ಉಸಿರಿನಲ್ಲಿ ಕಾರ್ಬನ್ ಡೈಸಲ್ಫೈಡ್ ಎಂಬ ಅನಿಲ ಅತ್ಯಲ್ಪವಾಗಿ ಇರುತ್ತದೆ. ಇದನ್ನು ಹಿಡಿಯಲೆಂದೇ ಮೂಗಿನಲ್ಲಿ ಬೇರೆ ಜಾತಿಯ ಕೆಲವು ಕೋಶಗಳಿವೆ ಎಂದು ಸುಂಡಿಲಿಗಳಲ್ಲಿ 2010ರಲ್ಲಿ ತಿಳಿದುಬಂತು. ಜೊತೆಗಾರನ ಬಾಯಲ್ಲಿ ಈ ಅನಿಲದೊಂದಿಗೆ ಯಾವ ತಿನಿಸಿನ ವಾಸನೆ ಬಂತೋ ಆ ತಿನಿಸನ್ನು ಇಲಿ ನಂಬುತ್ತದೆ. ಜೊತೆಗಾರ ಕಾಯಿಲೆ ಬಿದ್ದಿದ್ದರೂ ನಂಬುತ್ತದೆ! ಅಂದರೆ ಉಸಿರು “ತಿನ್ನಬಹುದು” ಎಂದು ಹೇಳೀತೇ ವಿನಾ “ತಿನ್ನಬೇಡ” ಎಂದು ಹೇಳದು. ಪಾಷಾಣವನ್ನು ಬಿಡುವುದು, ಸ್ವಲ್ಪ ತಿಂದು ಹೊಟ್ಟೆ ಕೆಟ್ಟು ಬದುಕಿದ ಇಲಿ ಮಾತ್ರ. ಹೊಸ ತಿನಿಸನ್ನು ಅನುಮಾನದಿಂದ ಚೂರೇ ಕಚ್ಚುವುದರಿಂದ ಅಂಥವು ಬಹಳ ಉಳಿಯುತ್ತವೆ.

ಆದುದರಿಂದ ಸಂಜೆ ಬಿಲಗಳನ್ನು ಮುಚ್ಚಿ, ಬೆಳಿಗ್ಗೆ ತೆರೆದಿರುವುವನ್ನು ಗುರುತಿಸಿಕೊಳ್ಳಿ. ಎರಡು ಮೂರು ದಿನ ಎಣ್ಣೆ ಸವರಿದ ಬರೀ ನುಚ್ಚನ್ನು ಇಡಿ. ತಿಂದವು ಬಿಲಕ್ಕೆ ಹೋಗಿ ಉಳಿದವಕ್ಕೆ ಉಸಿರಿನಲ್ಲೇ ಒಪ್ಪಿಗೆ ಕೊಡುತ್ತವೆ. ಬಳಿಕ ಅದೇ ನುಚ್ಚು 96 ಪಾಲು, ಅದೇ ಎಣ್ಣೆ 2 ಪಾಲು, ಜಿಂಕ್ ಫಾಸ್ಫೈಡ್ 2 ಪಾಲು ಬೆರೆಸಿ ಒಂದೇ ರಾತ್ರಿ ಇಡಿ. ಎಣ್ಣೆ ಬದಲಾಯಿಸಬೇಡಿ, ಮೂಗು ಅದನ್ನು ಕೂಡಲೇ ಹಿಡಿಯುತ್ತದೆ. ಉಳಿದವಕ್ಕೆ ಬ್ರೋಮಾಡಿಯೋಲೋನ್ ಇಡಬಹುದು. ಅದರ ಪರಿಣಾಮ ಕೆಲವು ದಿನ ತಡವಾಗುವುದರಿಂದ ಇಲಿಗೆ ತಿನಿಸಿನ ಮೇಲೆ ಅನುಮಾನ ಬರುವುದಿಲ್ಲ.

ಕೈಯಿಂದ ಬೆರೆಸದೆ ಕೋಲು ಬಳಸಿ. ಮಿಕ್ಕ ಪಾಷಾಣವನ್ನೂ ಸತ್ತ ಇಲಿಗಳನ್ನೂ ಬೆಳಿಗ್ಗೆಯೇ ಆಳವಾಗಿ ಹೂಳಿ. ಕೋಳಿ, ನಾಯಿಗಳು ತೋಟಕ್ಕೆ ಬರುವುದು ಅದಾದ ಮೇಲೆ.