ಅಕೇಶಿಯಾ ಕಡಿದರೆ ಕಾಡು ಮರಳುತ್ತದೆಯೇ?

ಪ್ರಶ್ನೆ: ನಮ್ಮೂರಿನ ಗುಡ್ಡದಲ್ಲಿ ಹಳೆಯ ಅಕೇಶಿಯಾ ನೆಡುತೋಪಿದೆ. ಪೂರ್ತಿ ಕಡಿದು ಕಾಡುಜಾತಿಯ ಸಸಿ ನೆಟ್ಟರೆ ಮೊದಲಿನ ಕಾಡು ಬರುತ್ತದೆಯೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಕಾಡು ನಿಧಾನವಾಗಿ ಮರಳಬಹುದು. ಆದರೆ ದಯವಿಟ್ಟು ಒಮ್ಮೆಲೇ ಕಡಿಯಬೇಡಿ. ಮೊದಲು ತೋಪಿನೊಳಗೆ ಹೋಗಿ ನೆಲ ನೋಡಿ. ಹತ್ತಿರದಲ್ಲಿ ದೇವರಕಾಡೋ ಸೊಪ್ಪಿನಬೆಟ್ಟವೋ ಉಳಿದಿದ್ದರೆ ಉದುರಿದ ಎಲೆಯ ದರಕಿನ ನಡುವೆ ನೇರಳೆ, ದಾಲ್ಚಿನ್ನಿ, ಮುರುಗಲಿನ ಗಿಡಗಳು ಎದ್ದಿರುವ ಸಾಧ್ಯತೆ ಬಹಳ. ಪಿಕಳಾರ, ಕುಟ್ರುಹಕ್ಕಿ, ಕಬ್ಬೆಕ್ಕುಗಳು ತಂದು ಹಾಕಿದ ಬೀಜ ಅವು. ಯಾರೂ ನೆಡದ ಈ ಸಸಿಗಳೇ ನಿಮ್ಮ ಕಾಡಿನ ಬಂಡವಾಳ. ಪೂರ್ತಿ ಕಡಿದರೆ ಮರ ಉರುಳಿಸಿ ಎಳೆಯುವಾಗಲೇ ಇವುಗಳಲ್ಲಿ ಬಹಳಷ್ಟು ನಾಶವಾಗುತ್ತವೆ.

ಇನ್ನೊಂದು ಅಪಾಯ ಮಣ್ಣಿನಲ್ಲಿದೆ. ಸುರುಳಿ ಸುತ್ತಿಕೊಂಡ ಅಕೇಶಿಯಾ ಕಾಯಿ ಬಿಡಿಸಿದರೆ ಕೇಸರಿ ದಾರಕ್ಕೆ ಜೋತ ಹೊಳೆಯುವ ಕಪ್ಪು ಬೀಜ ಕಾಣುತ್ತದೆ. ಅದರ ಸಿಪ್ಪೆ ಬಲು ಗಟ್ಟಿ. ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರುವ ಬೀಜ ಬಿಸಿಲೋ ಬೆಂಕಿಯೋ ತಾಗಿದೊಡನೆ ಮೊಳೆಯುತ್ತದೆ. ಬಯಲು ಮಾಡಿದ ಜಾಗದಲ್ಲಿ ಅದೇ ಅಕೇಶಿಯಾ ಮತ್ತೆ ದಟ್ಟವಾಗಿ ಏಳುವುದು ಇದರಿಂದಲೇ. ಜೊತೆಗೆ ಯುಪಟೋರಿಯಂ ಕಳೆಯೂ ಏಳುತ್ತದೆ.

ಆದ್ದರಿಂದ ಕಾಡುಸಸಿ ಹೆಚ್ಚಿರುವ ಕಡೆ ಕೆಲವು ಮರ ಮಾತ್ರ ತೆಗೆಯಿರಿ, ಉಳಿದವು ನೆರಳು ಕೊಡಲಿ. ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಅಕೇಶಿಯಾ ಮರಿಗಳನ್ನು ಬೇರುಸಹಿತ ಕೀಳಿ. ಬೇಸಿಗೆಗೆ ಮೊದಲು ಬೆಂಕಿರೇಖೆ ಮಾಡಿ, ಒಂದಷ್ಟು ವರ್ಷ ದನ ಬಿಡಬೇಡಿ.

ಸಸಿಯೇ ಇಲ್ಲದ ಕಡೆ ಮಾತ್ರ ನೆಡಬೇಕು. ಹಲಸು, ರಾಂಪತ್ರೆಯಂಥ ಬೀಜ ಒಣಗಿದರೆ ಸತ್ತಂತೆಯೇ. ಹಣ್ಣಾದ ಕೂಡಲೇ ಬಿತ್ತಿ. ರಾಂಪತ್ರೆಯ ದಪ್ಪ ಬೀಜವನ್ನು ನುಂಗಿ ದೂರ ಒಯ್ಯಬಲ್ಲದ್ದು ಮಂಗಟ್ಟೆಯಂಥ ದೊಡ್ಡ ಹಕ್ಕಿ. ಅದು ಸುಳಿಯದ ಗುಡ್ಡಕ್ಕೆ ನೀವೇ ಬೀಜ ಹೊರಬೇಕು.

ಇದು ಆಗುವ ಕೆಲಸವೇ? ಆಗುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ, ಟೀ ಮತ್ತು ಕಾಫಿ ತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳಲ್ಲಿ, ಪರಿಸರ ವಿಜ್ಞಾನಿಗಳಾದ ದಿವ್ಯಾ ಮುಡಪ್ಪ, ಟಿ.ಆರ್. ಶಂಕರ್ ರಾಮನ್ ಮತ್ತು ಸಂಗಡಿಗರು ಕಾಡು ಮರಳಿಸಲು ಎರಡು ದಶಕ ಮೀರಿ ದುಡಿದಿದ್ದಾರೆ. ಬೀಜ ಆಯ್ದು ನರ್ಸರಿಯಲ್ಲಿ ಬೆಳೆಸಿ ನೆಟ್ಟ ಜಾಗಗಳಲ್ಲಿ 7ರಿಂದ 15 ವರ್ಷಗಳೊಳಗೆ, ಸುಮ್ಮನೆ ಬಿಟ್ಟ ಜಾಗಗಳಿಗಿಂತ ಹೆಚ್ಚು ಜಾತಿಯ ಮರಗಳು ಬಂದವು. ಆದರೂ ಹಳೆಯ ಕಾಡಿಗೆ ಅವಿನ್ನೂ ಸಮವಲ್ಲ.

ಊರಿನ ಹಿರಿಯರನ್ನು ಒಂದು ಮಾತು ಕೇಳಿ: ಆ ಗುಡ್ಡ ಮೊದಲು ಕಾಡಾಗಿತ್ತೋ, ಹುಲ್ಲು ಬೆಳೆಯುವ ಬ್ಯಾಣವಾಗಿತ್ತೋ? ಬ್ಯಾಣವಾಗಿದ್ದರೆ ಅಲ್ಲಿಗೆ ಹುಲ್ಲೇ ಬರಲಿ, ಮರ ನೆಡುವುದು ಬೇಡ. ಜಾಗ ಅರಣ್ಯ ಇಲಾಖೆಯದಾದರೆ ಕತ್ತಿ ಹಿಡಿಯುವ ಮೊದಲು ಗ್ರಾಮ ಅರಣ್ಯ ಸಮಿತಿಯ ಮೂಲಕ ವಲಯ ಅರಣ್ಯಾಧಿಕಾರಿಯನ್ನು ಕಂಡು ಒಪ್ಪಿಗೆ ಪಡೆಯಿರಿ.