ಮೊದಲು ಕಸದ ಬುಟ್ಟಿ ನೋಡು

ಸರ್ವಿಸ್ ಕೆಲಸಕ್ಕೆ ಸೇರಿದೆಯಂತೆ, ಸಂತೋಷ ತಮ್ಮಾ. ಈಗಿನ ಝೆರಾಕ್ಸ್ ಮೆಷಿನ್ನುಗಳು ತಮ್ಮ ಕಾಯಿಲೆಯನ್ನು ಪರದೆಯ ಮೇಲೆ ತಾವೇ ಬರೆದು ತೋರಿಸುತ್ತವೆ. ನಮ್ಮ ಕಾಲದ ಅನಲಾಗ್ ಮೆಷಿನ್ನಿನಲ್ಲಿ ಜಾಮ್ ಆದರೆ ಒಂದು ದೀಪ, ಹೆಚ್ಚೆಂದರೆ ಒಂದೆರಡು ಕೋಡು. ಉಳಿದದ್ದನ್ನು ಅದು ಉಗುಳಿದ ಹಾಳೆಯಿಂದಲೇ ತಿಳಿಯಬೇಕಿತ್ತು. ನೀನೂ ಅಲ್ಲಿಂದಲೇ ಶುರುಮಾಡು.

ಅಂಗಡಿಗೆ ಹೋದ ಕೂಡಲೇ ಸ್ಕ್ರೂಡ್ರೈವರ್ ತೆಗೆಯಬೇಡ, ಕಸದ ಬುಟ್ಟಿ ಎಲ್ಲಿದೆ ಕೇಳು. ತಾಲ್ಲೂಕು ಕಚೇರಿ ಎದುರಿನ ಅಂಗಡಿಯಾದರೆ ಪಹಣಿ, ಜಾತಿ ಸರ್ಟಿಫಿಕೇಟುಗಳ ಹಾಳಾದ ಕಾಪಿಗಳು ಅದರಲ್ಲಿ ತುಂಬಿರುತ್ತವೆ. ನಾಲ್ಕು ಹಾಳೆ ಬಿಡಿಸಿ ನೋಡು. ಉದ್ದಕ್ಕೆ ಕಪ್ಪು ಗೆರೆ ಇದ್ದರೆ ಕ್ಲೀನಿಂಗ್ ಬ್ಲೇಡಿನ ಮೇಲೆ, ಡ್ರಮ್ಮಿನ ಗೀರಿನ ಮೇಲೆ ಅನುಮಾನ ಇಡು. ಒಂದೇ ಕಲೆ ಮತ್ತೆ ಮತ್ತೆ ಬಿದ್ದಿದ್ದರೆ ನಿನ್ನ ಪುಣ್ಯ. ಎರಡು ಕಲೆಗಳ ನಡುವೆ ಸ್ಕೇಲಿಟ್ಟು ಅಳೆ. ಆ ಅಂತರವೇ ತಪ್ಪಿತಸ್ಥ ರೋಲರಿನ ಸುತ್ತಳತೆ. 94 ಮಿ.ಮೀ. ಬಂದರೆ ಒಳಗೆ 30 ಮಿ.ಮೀ. ವ್ಯಾಸದ್ದು ಏನಿದೆ ಹುಡುಕು. ಶಾಲೆಯಲ್ಲಿ ಬೈಸಿಕೊಂಡು ಕಲಿತ ಪೈ ಲೆಕ್ಕ ನಮಗೆ ಅನ್ನ ಹಾಕಿದ್ದು ಹೀಗೆ.

ಕಾಪಿ ಖಾಲಿ ಬರುತ್ತಿದೆ ಅಂದುಕೋ. ಹಾಳೆ ಫ್ಯೂಸರ್ ಮುಟ್ಟುವ ಮುಂಚೆ ಬಾಗಿಲು ತೆಗೆದು ಮೆಷಿನ್ ನಿಲ್ಲಿಸು, ಡ್ರಮ್ ನೋಡು. ಅಕ್ಷರ ಮೂಡಿದ್ದರೆ ಅಲ್ಲಿಯವರೆಗಿನದೆಲ್ಲ ಸರಿ, ತೊಂದರೆ ಟ್ರಾನ್ಸ್‌ಫರ್‌ನಲ್ಲಿದೆ. ಮೂಡಿಲ್ಲವಾದರೆ ಹಿಂದಕ್ಕೆ ಹೋಗಿ ಡೆವಲಪರ್, ಲೇಸರ್ ನೋಡು. ಅರ್ಧ ಮೆಷಿನ್ ಬಿಚ್ಚುವ ಕೆಲಸ ಉಳಿಯಿತು. ಬೇಗ ಮುಚ್ಚು, ಡ್ರಮ್ಮಿಗೆ ಬೆಳಕು ಆಗದು.

ಈ ಉಪಾಯ ಇಂದಿಗೂ ನಡೆಯುತ್ತದೆ. 1938ರಲ್ಲಿ ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್ಸನ್ ಮತ್ತು ಸಹಾಯಕ ಒಟ್ಟೊ ಕೊರ್ನೈ ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಚಾರ್ಜು ಮಾಡಿ, ಬೆಳಕು ಬಿಟ್ಟು, ಪುಡಿ ಉದುರಿಸಿ, ಮೇಣದ ಕಾಗದಕ್ಕೆ ಒತ್ತಿ ಮೊದಲ ಝೆರಾಕ್ಸ್ ಕಾಪಿ ತೆಗೆದರು. ನಿನ್ನ ಮೆಷಿನ್ನಿನ ಒಳಗೂ ಅದೇ ಕ್ರಮ. ಒಂದು ಮಾತ್ರ ತಿರುಗುಮುರುಗಾಗಿದೆ, ನೆನಪಿಡು: ನಮ್ಮದರಲ್ಲಿ ಲ್ಯಾಂಪು ಹೋದರೆ ಹಾಳೆ ಕರ್ರಗೆ ಬರುತ್ತಿತ್ತು. ಈಗಿನ ಬಹುತೇಕ ಮೆಷಿನ್ನುಗಳಲ್ಲಿ ಲೇಸರ್ ಬೀಳದಿದ್ದರೆ ಹಾಳೆ ಬೆಳ್ಳಗೆ ಬರುತ್ತದೆ. ಹಳಬರ ಮಾತನ್ನು ಹಾಗೇ ನಂಬಿದರೆ ಇಲ್ಲೇ ಎಡವುತ್ತೀಯ.

ನಮ್ಮ ಕಾಲದ ದೊಡ್ಡ ಪರೀಕ್ಷೆ ಕನ್ನಡಿ ಎಳೆಯುವ ಉಕ್ಕಿನ ತಂತಿಯದು. ಲ್ಯಾಂಪಿನ ಜೊತೆ ಮೊದಲ ಕನ್ನಡಿ ಓಡಿದರೆ, ಉಳಿದೆರಡು ಅದರ ಅರ್ಧ ವೇಗದಲ್ಲಿ ಹಿಂಬಾಲಿಸಬೇಕು. ಇಲ್ಲದಿದ್ದರೆ ಲೆನ್ಸಿನ ಫೋಕಸ್ ಕೆಡುತ್ತದೆ. ತಂತಿ ಕಿತ್ತರೆ ಪುಲ್ಲಿಗಳಿಗೆ ಹೊಸದನ್ನು ಬಿಗಿದು ಸುತ್ತಬೇಕು. ಕೊನೆಯ ಸುತ್ತಿನಲ್ಲಿ ಬೆರಳು ಜಾರಿತೋ, ಎಲ್ಲ ಬಿಚ್ಚಿಕೊಂಡು ಮತ್ತೆ ಮೊದಲಿನಿಂದ. 20 ಕಾಪಿ ಒತ್ತಿದರೆ ಲ್ಯಾಂಪು 20 ಸಲ ಹೋಗಿ ಬರುತ್ತಿತ್ತು. ಸಡಿಲವಾದ ತಂತಿಯನ್ನು ಬಾಗಿಲಲ್ಲಿ ನಿಂತೇ ಸದ್ದಿನಲ್ಲಿ ಗುರುತಿಸುತ್ತಿದ್ದೆವು. ಒಂದೇ ಸಲ ಸ್ಕ್ಯಾನ್ ಮಾಡಿ ಸುಮ್ಮನಾಗುವ ಮೆಷಿನ್ ನಿನಗೆ ಆ ಅವಕಾಶ ಕೊಡುವುದಿಲ್ಲ. ಅದೊಂದು ನನಗೆ ಬೇಜಾರು.

ಮಳೆಗಾಲದಲ್ಲಿ ಮಡಿಕೇರಿ ಕಡೆ ಹಾಕಿದರೆ, ಜಾಮ್ ಎಂದೊಡನೆ ರೋಲರ್ ಬದಲಿಸಬೇಡ. ಮೊದಲು ಹೊಸ ರೀಮ್ ಒಡೆದು ಹಾಕಿ ನೋಡು. ಕಾಗದ ತೇವ ಕುಡಿದಿರುತ್ತದೆ. ಬಂಡಲನ್ನು ನೆಲದ ಮೇಲೆ ಇಡಬೇಡಿ ಎಂದು ಮಾಲೀಕರಿಗೂ ಹೇಳು.

ಟೋನರ್ ಅಂಗಿಗೆ ಚೆಲ್ಲಿದರೆ ಉಜ್ಜಬೇಡ. ಕೊಡವಿ, ತಣ್ಣೀರಲ್ಲೇ ಒಗೆ. ಬಿಸಿನೀರಿಗೆ ಅದ್ದಿದೆಯೋ, ಕರಗಿ ಬಟ್ಟೆ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಬಟ್ಟೆ ಒಗೆಯುವವರಿಗೂ ಈ ವಿಷಯ ಮೊದಲೇ ಹೇಳಿಬಿಡು.